ಸೇತುವೆ ಮೇಲೆ ಹತ್ತೇ ಜನ

ಕೂಲಿ ಇಲ್ಲದ ಕೆಲಸಕ್ಕೆ ನಾಲ್ಕು ಜನ ಸೇರಿದರೆ ಅಲ್ಲಿ ಕೆಲಸ ಆಗುತ್ತದೋ ಇಲ್ಲವೋ, ನಗು ಮಾತ್ರ ತಪ್ಪುವುದಿಲ್ಲ. ನಮ್ಮ ಹಳೇ ಸೇತುವೆಯನ್ನು ಹೂದೋಟ ಮಾಡಲು ಹೊರಟ ಆ ಕೆಲವು ತಿಂಗಳು ನಾನು ನಕ್ಕಷ್ಟು ನನ್ನ ಮದುವೆಯಲ್ಲೂ ನಕ್ಕಿರಲಿಲ್ಲ. ಬೈದಷ್ಟು ಮದುವೆಯಾದ ಮೇಲೂ ಬೈದಿರಲಿಲ್ಲ.

ನನ್ನದು ಬೇಕರಿ. ಸಕಲೇಶಪುರದಿಂದ ಆಲೂರಿನ ಕಡೆಗೆ ಬರುವ ಒಂದು ಒಳದಾರಿಯಲ್ಲಿ, ಹೊಳೆಗೆ ಕಟ್ಟಿದ ಹಳೇ ಕಲ್ಲುಸೇತುವೆಯ ಬಾಯಲ್ಲೇ ಇದೆ. ಮೊದಲು ಬಸ್ಸುಗಳೆಲ್ಲ ನನ್ನ ಅಂಗಡಿ ಮುಂದೆ ನಿಂತೇ ಮುಂದಕ್ಕೆ ಹೋಗುತ್ತಿದ್ದವು. ಆಮೇಲೆ ಸ್ವಲ್ಪ ಮೇಲ್ಗಡೆ ಹೊಸ ಸೇತುವೆ ಆಯಿತು. ಬಸ್ಸುಗಳು ಅತ್ತ ಹೋದವು, ನನ್ನ ಬನ್ನುಗಳು ಇತ್ತ ಉಳಿದವು. ಅದೂ ಸಾಲದು ಎಂಬಂತೆ ಹಳೇ ಸೇತುವೆಯನ್ನು ಕೆಡವುತ್ತಾರೆ ಎಂಬ ಸುದ್ದಿ ಬಂತು.

ಆಚೆ ದಡದ ಮನೆಗಳವರಿಗೆ ಈ ಸೇತುವೆಯೇ ಹತ್ತಿರದ ಕಾಲುದಾರಿ. ಅವರೂ ನಾವೂ ಸೇರಿ ಇಂಜಿನಿಯರ್ ಸಾಹೇಬರ ಹತ್ತಿರ ಹೋದೆವು. ವಾಹನ ಬಿಡುವುದಿಲ್ಲ, ಎರಡೂ ಬದಿಗೆ ಹೂಗಿಡ ಇಟ್ಟು ಜನ ಓಡಾಡುವ ಜಾಗ ಮಾಡಿಕೊಳ್ಳುತ್ತೇವೆ ಎಂದು ಕೇಳಿಕೊಂಡೆವು. ಅವರು ಕೆಟ್ಟವರಲ್ಲ, ಆದರೆ ಹೆದರುವ ಸ್ವಭಾವ. "ಕುಂಡ, ಮಣ್ಣು, ಜನ, ಎಲ್ಲ ಭಾರವೇ ತಾನೆ? ಮಳೆಗಾಲಕ್ಕೆ ಮುಂಚೆ ಬಂದು ನೋಡ್ತೀನಿ. ತಡ್ಕೊಳ್ಳುತ್ತೆ ಅಂತ ನನಗೆ ಧೈರ್ಯ ಬಂದರೆ ಬಿಡ್ತೀನಿ. ಬರಲಿಲ್ಲ ಅಂದ್ರೆ ಜೆಸಿಬಿ ಕಳಿಸ್ತೀನಿ" ಎಂದರು.

ಎಲ್ಲರೂ ಊರಿನ ಒಳ್ಳೆಯದಕ್ಕೆ ಅಂತ ದುಡಿದರು. ನಾನೂ ಬಾಯಲ್ಲಿ ಹಾಗೇ ಹೇಳಿದೆ. ನಿಜ ಹೇಳಬೇಕೆಂದರೆ, ಸೇತುವೆ ಹೋದರೆ ನನ್ನ ಬೇಕರಿ ದಾರಿ ಮುಗಿಯುವ ಜಾಗದಲ್ಲಿ ಒಂಟಿಯಾಗಿ ನಿಲ್ಲುತ್ತಿತ್ತು. ಹೊಳೆಯ ಮೀನುಗಳಿಗೆ ಬನ್ನು ಮಾರಿ ಬದುಕಲು ಆಗುತ್ತದೆಯೇ?

ಬದಲಿ ಶ್ರಮದಾನ

ಮೊದಲ ಭಾನುವಾರ ಸೇತುವೆಯ ಮೇಲಿನ ಕಳೆ ಕೀಳುವ ಕೆಲಸ. ನಮ್ಮ ಕಡೆಯ ದೊಡ್ಡ ಎಸ್ಟೇಟಿನ ಸಾಹುಕಾರರು ಹಿಂದಿನ ದಿನವೇ ಬೇಕರಿಗೆ ಬಂದು, "ನಾನೂ ಶ್ರಮದಾನಕ್ಕೆ ಇದೀನಿ ಕಣಮ್ಮ, ನನ್ನ ಹೆಸರು ಬಿಡಬೇಡ" ಎಂದು ಹೇಳಿ ಹೋಗಿದ್ದರು. ಬೆಳಿಗ್ಗೆ ಅವರ ಜೀಪು ಬಂತು. ಇಳಿದವರು ಇಬ್ಬರು ಆಳುಗಳು.

"ಸಾಹುಕಾರ್ರು ಎಲ್ಲಪ್ಪ?" ಎಂದೆ.

"ಅವರ ಶ್ರಮದಾನ ಮಾಡಾಕೆ ನಮ್ಮನ್ನ ಕಳಿಸವ್ರೆ ಅಕ್ಕ."

ನನಗೆ ಮೈ ಉರಿದು ಹೋಯಿತು. ಫೋನ್ ಮಾಡಿ, "ಸಾಹುಕಾರ್ರೇ, ನಿಮ್ಮ ಆಳುಗಳು ಚೆನ್ನಾಗಿ ಕೆಲಸ ಮಾಡ್ತಾ ಇದ್ದಾರೆ. ಉದ್ಘಾಟನೆ ದಿನ ಶಾಲು ಹಾರಾನೂ ಅವರಿಬ್ಬರಿಗೇ ಹಾಕ್ತೀವಿ" ಎಂದೆ. 

ಮುಂದಿನ ಭಾನುವಾರ ಸಾಹುಕಾರರೇ ಬಂದರು. ತಲೆಗೆ ಟೋಪಿ, ಕೈಗೆ ಗ್ಲೌಸು, ಕಾಲಿಗೆ ಹೊಸ ಗಂಬೂಟು. ಕಾಲುಗಂಟೆ ಹಾರೆ ಹಿಡಿದು ಎರಡು ಕಳೆ ಕಿತ್ತು, ಉಸ್ಸಪ್ಪಾ ಅಂತ ಸೇತುವೆ ಕಟ್ಟೆಯ ಮೇಲೆ ಕುಳಿತರು. ಅವರ ಇಬ್ಬರು ಆಳುಗಳೂ ಅಲ್ಲೇ ಮಣ್ಣು ಹೊರುತ್ತಿದ್ದರು. ಅವರಲ್ಲಿ ಹಿರಿಯವನು ಮಂಕರಿ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು, ತಾನು ದಿನಾ ಕೇಳುತ್ತಿದ್ದ ಮಾತನ್ನು ಅದೇ ದನಿಯಲ್ಲಿ ಒಪ್ಪಿಸಿದ: "ಏನು, ಹಿಂಗೆ ಕುಂತ್ಕಂಡ್ರೆ ಕೆಲ್ಸ ಮುಗೀತದಾ?"

ರೈಟರ್ ಹೂವು ತಂದದ್ದು

ನಮ್ಮ ಗುಂಪಿಗೆ ಮೇಲ್ವಿಚಾರಕರು ಬೇಕೆಂದು ಯಾರೂ ಹೇಳಿರಲಿಲ್ಲ. ಆದರೂ ಒಬ್ಬರು ಬಂದರು. ಇದೇ ಸಾಹುಕಾರರ ಎಸ್ಟೇಟಿನಲ್ಲಿ ರೈಟರ್ ಆಗಿದ್ದು, ಆಳುಗಳ ಹಾಜರಿ ಹಿಡಿದೇ ತಲೆ ನೆರೆತವರು. ಕತ್ತಿಗೆ ಸೀಟಿ ನೇತುಹಾಕಿಕೊಂಡೇ ಬಂದರು. ತಡವಾಗಿ ಬಂದವರಿಗೆ "ಅರ್ಧ ದಿನ!" ಎಂದು ಕೂಗುವರು. ಕೂಲಿಯೇ ಇಲ್ಲದ ಕೆಲಸದಲ್ಲಿ ಅರ್ಧ ದಿನ ಕಳೆದುಕೊಂಡೆನಲ್ಲಾ ಎಂದು ಜನ ನಿಜವಾಗಿ ಬೇಜಾರು ಮಾಡಿಕೊಳ್ಳುವರು.

ಗುಲಾಬಿ, ದಾಸವಾಳ, ಕಾಗದದ ಹೂವು ಎಲ್ಲ ಕುಂಡಗಳಲ್ಲಿ ಚೆನ್ನಾಗಿ ಹಿಡಿದವು. ಮೊಗ್ಗು ಕಾಣಿಸಿಕೊಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇಂಜಿನಿಯರ್ ಬರುವಾಗ ಸೇತುವೆ ತುಂಬ ಹೂವಿದ್ದರೆ ಅರ್ಧ ಧೈರ್ಯ ಅದರಿಂದಲೇ ಬಂದೀತು ಎಂದುಕೊಂಡು ಆ ಭಾನುವಾರ ಇಗರ್ಜಿಗೆ ಹೋದೆ. ಪೂಜೆ ಮುಗಿಸಿ ಬರುವಷ್ಟರಲ್ಲಿ ಸೇತುವೆಯ ಮೇಲೆ ಬರೀ ಕಡ್ಡಿಗಳು ನಿಂತಿದ್ದವು.

"ಏನ್ರೀ ಇದು! ಯಾರು ಮಾಡಿದ್ದು?" ಎಂದು ಕಿರುಚಿದೆ.

ರೈಟರ್ ಎದೆಯುಬ್ಬಿಸಿ ನಿಂತಿದ್ದರು. "ಗಿಡಗಸಿ ಮಾಡಿಸ್ಬುಟ್ಟೆ ಅಕ್ಕ. ಕಂಬಚಿಗುರು ಎಲ್ಲ ತೆಗ್ಸಿ, ಗಿಡದ ನಡು ಬಿಡ್ಸಿ, ಒಂದೇ ಎತ್ತರಕ್ಕೆ ತಂದಿದ್ದೀನಿ. ಗಾಳಿ ಬೆಳಕು ಆಡ್ಬೇಕಲ್ಲ?"

ಇದು ಅವರೊಬ್ಬರ ತಪ್ಪೂ ಅಲ್ಲ. ಕತ್ತರಿ ಹಿಡಿದ ಎಲ್ಲರೂ ಕಾಫಿ ತೋಟದವರೇ. ಗಿಡಗಸಿ ಅಂತ ಕಾಫಿ ಗಿಡದ ಚಿಗುರು ಮುರಿದು ಮುರಿದು ರೂಢಿಯಾದ ಕೈಗಳು ಗುಲಾಬಿ ಎಂದು ಸುಮ್ಮನಿದ್ದಾವೇ? ನನಗೆ ಅಳು ಬಂತು. "ಅಲ್ರೀ, ಸಾಹೇಬ್ರು ಬರೋ ಹೊತ್ತಿಗೆ ಹೂವು ಎಲ್ಲಿಂದ ತರ್ಲಿ?" ಎಂದೆ.

ರೈಟರ್ ಆಕಾಶ ನೋಡಿದರು. ಮೋಡ ಲೆಕ್ಕ ಹಾಕಿದರು. ಆಮೇಲೆ ನನ್ನ ಭುಜದ ಹತ್ತಿರ ಬಗ್ಗಿ, "ಏನೂ ಯೋಚ್ನೆ ಮಾಡ್ಬೇಡಿ. ಒಂದು ಹದವಾದ ಹೂಮಳೆ ಬೀಳ್ಲಿ, ವಾರ ಕಳೆಯೋದ್ರೊಳಗೆ ಗುಡ್ಡೆಲ್ಲ ಬೆಳ್ಳಗೆ ಅರಳ್ತದೆ" ಎಂದರು. ಕಾಫಿ ಹೂವಿಗೆ ಆಡುವ ಮಾತನ್ನು ಕೆಂಪು ಗುಲಾಬಿಗೆ ಆಡಿದ್ದರು!

ಆದರೆ ಗುಲಾಬಿ ಮತ್ತೆ ಚಿಗುರಿತು, ಮೊದಲಿಗಿಂತ ಹೆಚ್ಚಾಗಿಯೇ ಅರಳಿತು. ಅಂದಿನಿಂದ ರೈಟರ್ ಎದುರು ಯಾರೂ ಗುಲಾಬಿಯ ಸುದ್ದಿ ಎತ್ತುವ ಹಾಗಿರಲಿಲ್ಲ.

ಹನ್ನೊಂದನೆಯವರು

ನಡುವೆ ಒಮ್ಮೆ ಇಂಜಿನಿಯರ್ ಸಾಹೇಬರು ಬಂದರು. ಸೇತುವೆಗೆ ಕಾಲಿಡಲಿಲ್ಲ. ನನ್ನ ಬೇಕರಿಯ ಮೆಟ್ಟಿಲ ಮೇಲೆ ನಿಂತು ಕತ್ತು ಉದ್ದ ಮಾಡಿ ನೋಡಿದರು. ಕಾಫಿ ಕುಡಿದರು, ಬನ್ನು ತಿಂದರು, ಮತ್ತೆ ಕತ್ತು ಉದ್ದ ಮಾಡಿದರು.

"ಬನ್ನಿ ಸಾರ್, ಒಂದು ಸುತ್ತು ನಡೆದು ಬರೋಣ" ಎಂದೆ.

"ಇಲ್ಲಿಂದಾನೇ ಚೆನ್ನಾಗಿ ಕಾಣುತ್ತೆ" ಎಂದರು. ಹೋಗುವಾಗ ಒಂದು ಮಾತು ಹೇಳಿದರು: "ನಾನು ಪೂರ್ತಿ ನೋಡೋ ತನಕ ಒಂದು ಸಲಕ್ಕೆ ಹತ್ತು ಜನ, ಅಷ್ಟೇ. ಹನ್ನೊಂದನೆಯವರು ಕಂಡರೆ ಅವತ್ತೇ ಮುಚ್ಚಿಸಿಬಿಡ್ತೀನಿ."

ಅಷ್ಟು ಸಾಕಾಯಿತು ನಮ್ಮ ರೈಟರ್‌ಗೆ. ಸೇತುವೆಯ ಬಾಯಿಗೆ ಹಗ್ಗ ಕಟ್ಟಿ, ಕುರ್ಚಿ ಹಾಕಿಕೊಂಡು, ಸೀಟಿ ಬಾಯಿಗಿಟ್ಟು ಕೂತರು. ಆಚೆ ದಡದಿಂದ ಹಾಲು ತರುವ ಹೆಂಗಸರೂ ಲೆಕ್ಕ ಕೊಟ್ಟೇ ಬರಬೇಕಾಯಿತು.

ಒಂದು ಭಾನುವಾರ ಮದುವೆ ಗೊತ್ತಾದ ಹುಡುಗ ಹುಡುಗಿ ಫೋಟೋ ತೆಗೆಸಿಕೊಳ್ಳಲು ಬಂದರು. ಹುಡುಗಿ ಉದ್ದ ಲಂಗ ಎತ್ತಿ ಹಿಡಿದುಕೊಂಡು ಕಾಯುತ್ತಿದ್ದಳು. ರೈಟರ್ ಹಗ್ಗ ಬಿಚ್ಚಲಿಲ್ಲ. "ಮೇಲೆ ಆಗ್ಲೇ ಹತ್ತು ತುಂಬೈತೆ" ಎಂದರು.

"ನಾವಿಬ್ಬರೇ ಸಾರ್. ಮದುವೆ ಆಗೋರು" ಎಂದ ಹುಡುಗ.

"ಮದ್ವೆ ಆದ್ಮೇಲೆ ಬನ್ನಿ, ಒಬ್ರು ಅಂತ ಹಾಕ್ಕೋತೀನಿ."

ಹುಡುಗಿಯ ಮುಖ ಸಣ್ಣದಾಯಿತು. ರೈಟರ್ ಮನಸ್ಸು ಕರಗಿತು. ಕುಂಡಕ್ಕೆ ನೀರು ಹಾಕುತ್ತಿದ್ದ ಸಾಹುಕಾರರನ್ನು ಕೂಗಿ, "ಸಾಹುಕಾರ್ರೇ, ತಾವೊಬ್ರು ಇಳೀರಿ. ಇವರಿಬ್ರೂ ಹೋಗ್ಲಿ" ಎಂದರು.

ಸಾಹುಕಾರರು ನಿಯಮದ ಮನುಷ್ಯ. "ಅದು ಹೇಗೆ ಮಾರಾಯ? ನಾನೊಬ್ಬ ಇಳಿದರೆ ಒಬ್ಬರಿಗೆ ತಾನೇ ಜಾಗ ಆಗೋದು?"

ರೈಟರ್ ಅವರನ್ನು ತಲೆಯಿಂದ ಕಾಲಿನವರೆಗೂ, ನಡುವೆ ಹೊಟ್ಟೆಯ ಹತ್ತಿರ ಸ್ವಲ್ಪ ನಿಧಾನವಾಗಿ, ನೋಡಿದರು. ಇಷ್ಟು ವರ್ಷ ಆ ಮನುಷ್ಯನ ಎದುರು ತಲೆ ತಗ್ಗಿಸಿಯೇ ಮಾತಾಡಿದವರು ಅವರು. ಅವತ್ತೂ ತಲೆ ತಗ್ಗಿಸಿಯೇ ಹೇಳಿದರು: "ಇಲ್ಲ ಸಾಹುಕಾರ್ರೇ. ತಮ್ಮನ್ನ ನಾನು ಮೊದಲ್ನೇ ದಿನದಿಂದಾನೂ ಇಬ್ರು ಅಂತ್ಲೇ ಹಾಕ್ಕಂಡಿರೋದು."

ಬಾಳೆ ಗೌಡರು

ಆಚೆ ದಡದಲ್ಲಿ ಸಣ್ಣ ತೋಟ ಮಾಡಿಕೊಂಡಿದ್ದ ಗೌಡರೊಬ್ಬರಿದ್ದರು. ಕೆಲಸಕ್ಕೆ ಎತ್ತು, ಮಾತಿಗೆ ಕಲ್ಲು. ಒಂದು ಬೆಳಿಗ್ಗೆ ನೋಡುತ್ತೇನೆ, ಗುಲಾಬಿಗಳ ನಡುವೆ ನಾಲ್ಕು ದೊಡ್ಡ ಡ್ರಮ್ಮುಗಳಲ್ಲಿ ಬಾಳೆಕಂದು ನೆಟ್ಟಿದ್ದಾರೆ.

"ಗೌಡ್ರೇ, ಇದು ಹೂದೋಟ!"

"ಬಾಳೆ ಇಲ್ದೇ ಇದ್ರೆ ಅದನ್ನ ತೋಟ ಅಂತ ಯಾರಂತಾರೆ?"

"ಬಾಳೆ ವಾಸನೆಗೆ ಆನೆ ಬಂದ್ರೆ ಏನು ಮಾಡ್ತೀರಿ?"

"ಆನೆ ಹೊಳೇಲಿ ಇಳ್ದು ಹೋಗ್ತಾವೆ ಕಣಕ್ಕ. ಅವಕ್ಕೇನು ಸೇತುವೆ ಮೇಲೆ ವಾಕಿಂಗ್ ಮಾಡೋ ಹುಚ್ಚಾ?"

ಗೌಡರು ಆಚೆ ಹೋದಾಗಲೆಲ್ಲ ಬಾಳೆಯನ್ನು ಕಡಿಸಿಬಿಡಬೇಕು ಎಂದು ಹಲ್ಲು ಕಚ್ಚುತ್ತಿದ್ದೆ. ಆದರೆ ಅವು ದಿನದಿನಕ್ಕೂ ಆಳೆತ್ತರ ಬೆಳೆದು ನನ್ನನ್ನೇ ಅಣಕಿಸುತ್ತಿದ್ದವು. ಸಾಹೇಬರು ಬರುವ ಹಿಂದಿನ ದಿನ ಕಡೆಗೂ ಹೇಳಿಯೇಬಿಟ್ಟೆ. "ಗೌಡ್ರೇ, ಕೈ ಮುಗೀತೀನಿ. ನಾಳೆ ಒಂದು ದಿನಕ್ಕಾದ್ರೂ ಸೇತುವೆ ಮೇಲೆ ಬಾಳೆ ಕಾಣಿಸಬಾರದು."

ಗೌಡರು ತಲೆಯಾಡಿಸಿದರು. ಬೆಳಿಗ್ಗೆ ಬಾಗಿಲು ತೆಗೆದರೆ, ಡ್ರಮ್ಮಿನ ನಾಲ್ಕು ಬಾಳೆ ಹಾಗೇ ಇವೆ. ಅದರ ಮೇಲೆ ಸೇತುವೆಯ ಎರಡೂ ಬಾಯಿಗೆ ಹೊಸದಾಗಿ ಕಡಿದು ತಂದ ಬಾಳೆಕಂದು, ಮಾವಿನ ತೋರಣ ಕಟ್ಟಿದ್ದಾರೆ.

"ಕಾಣಿಸಬಾರದು ಅಂದಿದ್ದೆನಲ್ರೀ!"

"ಈಗ ಯಾರಿಗೂ ಗೊತ್ತಾಗಲ್ಲ ಬಿಡಕ್ಕ" ಎಂದರು ಗೌಡರು. "ಎಲ್ಲಾನೂ ಸಾಹೇಬ್ರ ಸ್ವಾಗತಕ್ಕೇ ಕಟ್ಟಿರೋದು ಅಂದ್ಕೋತಾರೆ."

ಧೈರ್ಯ ಬಂದದ್ದು

ಸಾಹೇಬರು ಮಧ್ಯಾಹ್ನ ಊಟ ಮುಗಿಸಿ ಬಂದರು. ಎಲ್ಲರೂ ಒಗೆದ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿದ್ದೆವು. ಅವರು ಬೇಕರಿ ಮೆಟ್ಟಿಲಿಳಿದು ಸೇತುವೆಯ ಹಗ್ಗದ ತನಕ ಬಂದು, ಬೂಟಿನ ತುದಿಯಿಂದ ಮೊದಲ ಕಲ್ಲನ್ನು ಮೆಲ್ಲಗೆ ಮುಟ್ಟಿ, ಹಿಂದೆ ಸರಿದರು.

"ಹೂವೆಲ್ಲ ಚೆನ್ನಾಗಿದೆ. ಆದರೆ ಕೋಪ ಮಾಡ್ಕೋಬೇಡಿ, ನನಗೆ ಧೈರ್ಯ ಬರ್ತಾ ಇಲ್ಲ" ಎಂದರು.

ಜೆಸಿಬಿ ನನ್ನ ಕಣ್ಣ ಮುಂದೆಯೇ ಬಂದು ನಿಂತ ಹಾಗಾಯಿತು. ಏನಾದರೂ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಎಲ್ಲರ ಜೇಬಿನಲ್ಲೂ ಮೊಬೈಲು ಒಟ್ಟಿಗೇ ಕಿಣಿಗುಟ್ಟಿದವು. ನಮ್ಮ ಕಡೆ ಹಾಗೆ ಒಟ್ಟಿಗೆ ಕಿಣಿಗುಟ್ಟಿದರೆ ಒಂದೇ ಅರ್ಥ. ಆನೆಗಳು ತೋಟ ಬಿಟ್ಟು ಹೊಳೆಯ ಕಡೆ ಹೊರಟಿವೆ, ಜನ ಒಳಗಿರಿ ಎಂಬ ಅರಣ್ಯ ಇಲಾಖೆಯ ಎಚ್ಚರಿಕೆ.

ಎಲ್ಲರೂ ಬೇಕರಿಯೊಳಗೆ ನುಗ್ಗಿದೆವು. ಶಟರ್ ಅರ್ಧ ಎಳೆದೆ. ಸಾಹೇಬರು ಬ್ರೆಡ್ಡಿನ ಟ್ರೇಗಳ ನಡುವೆ ಸಿಕ್ಕಿಕೊಂಡು, ಸಾಹುಕಾರರ ಭುಜದ ಮೇಲಿಂದ ಕಿಟಕಿಯಲ್ಲಿ ಇಣುಕುತ್ತಿದ್ದರು.

ಆಚೆ ದಡದಲ್ಲಿ ಮೊದಲು ಒಂದು ದೊಡ್ಡ ಹೆಣ್ಣಾನೆ ಕಾಣಿಸಿತು. ಹೊಳೆಗೆ ಇಳಿಯುತ್ತದೆ ಎಂದುಕೊಂಡೆವು. ಅದು ಬಾಳೆಕಂದು ನೋಡಿತು. ಒಂದೇ ಎಳೆತಕ್ಕೆ ಸ್ವಾಗತವೆಲ್ಲ ಅದರ ಬಾಯೊಳಗೆ ಹೋಯಿತು. ಆಮೇಲೆ ಸೊಂಡಿಲು ಎತ್ತಿ ಸೇತುವೆಯ ನಡುವಿನ ಡ್ರಮ್ಮುಗಳ ವಾಸನೆ ಹಿಡಿಯಿತು.

ನಾನು ಗೌಡರನ್ನು ನೋಡಿದೆ. ಗೌಡರು ಮೇಲಿನ ಬಲ್ಬು ನೋಡುತ್ತಿದ್ದರು.

ಆನೆ ಒಂದು ಕಾಲನ್ನು ಸೇತುವೆಯ ಮೇಲಿಟ್ಟು ಒತ್ತಿತು. ನಿಂತಿತು. ಮತ್ತೆ ಒತ್ತಿತು.

"ನೋಡಿ, ನೋಡಿ! ಚೆಕ್ ಮಾಡ್ತಾ ಇದೆ!" ಸಾಹೇಬರು ಪಿಸುಗುಟ್ಟಿದರು. "ಒಂದು ಚೂರು ಅಲ್ಲಾಡಿದ್ರೂ ಮುಂದಿನ ಹೆಜ್ಜೆ ಇಡಲ್ಲ ಅದು."

ಅದು ಮುಂದಿನ ಹೆಜ್ಜೆ ಇಟ್ಟಿತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಮತ್ತೆರಡು, ಕಾಲಡಿಯಲ್ಲಿ ಒಂದು ಮರಿ. ಎಲ್ಲವೂ ನಟ್ಟನಡುವೆ ಬಂದು ಒತ್ತಾಗಿ ನಿಂತು, ಡ್ರಮ್ಮು ಉರುಳಿಸಿ, ನಿಧಾನವಾಗಿ ಬಾಳೆ ಸಿಗಿದು ತಿಂದವು. ನಾನು ಸಂತ ಅಂತೋನಿಗೆ ಮೇಣದಬತ್ತಿಯ ಹರಕೆ ಹೊತ್ತೆ. ಗೌಡರು ದೂರದ ದೇವರನ್ನು ಕರೆಯಲಿಲ್ಲ, ಎದುರಿಗೆ ಬಂದವರಿಗೇ ಕೈ ಮುಗಿದರು. ಸೇತುವೆಯ ಒಂದು ಕಲ್ಲೂ ಮಿಸುಕಲಿಲ್ಲ. ತಿಂದು ಮುಗಿಸಿ ಎಲ್ಲವೂ ಈಚೆ ದಡಕ್ಕೆ ಬಂದು, ಇಲ್ಲಿಯ ಸ್ವಾಗತವನ್ನೂ ಮುಗಿಸಿ, ಬೇಕರಿಯ ಪಕ್ಕದ ಇಳಿಜಾರಿನಲ್ಲಿ ಹೊಳೆಗಿಳಿದು ಹೋದವು.

ಆನೆ ಕಾವಲಿನ ಹುಡುಗರು ಬಂದು ದಾರಿ ತೆರವಾಯಿತು ಎಂದ ಮೇಲೆ ಶಟರ್ ಎತ್ತಿದೆ. ಸಾಹೇಬರು ನೆಟ್ಟಗೆ ಹೋಗಿ, ಹಗ್ಗ ದಾಟಿ, ಸೇತುವೆಯ ನಡುವಿಗೆ ನಡೆದರು. ಅಲ್ಲಿ ಬಿದ್ದಿದ್ದ ಲದ್ದಿಯ ಪಕ್ಕದಲ್ಲಿ ಎರಡು ಸಲ ಕುಪ್ಪಳಿಸಿ ನೋಡಿದರು. ಆಮೇಲೆ ಅಲ್ಲಿಂದಲೇ ಕೂಗಿದರು: "ಅಕ್ಕಾ, ಕಾಫಿ ಇಲ್ಲಿಗೇ ಕಳಿಸಿ! ಇದನ್ನ ಕೆಡವೋದು ಬೇಡ!"

ನಾನು ಮೈದಾ ಮೂಟೆಯ ಮೇಲೆ ಕುಸಿದು ಕೂತೆ. ಕಣ್ಣಲ್ಲಿ ನೀರಿತ್ತು, ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಭಾರ ಎದ್ದು ಹೋಗಿತ್ತು. ಬಾಳೆ ಗೌಡರನ್ನು ಬಯ್ಯಲು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಮರೆತು, ಮೊದಲ ಕಾಫಿ ಅವರಿಗೇ ಕೊಟ್ಟೆ. ಅವರು ಅದನ್ನು ತಮ್ಮ ನ್ಯಾಯವಾದ ಪಾಲು ಎಂಬಂತೆ ತೆಗೆದುಕೊಂಡರು.

ಎಲ್ಲರೂ ಸೇತುವೆಯ ಮೇಲೆ ಸೇರಿದೆವು. ಆಗ ಸಾಹೇಬರಿಗೆ ಏನೋ ನೆನಪಾಯಿತು. ಲೋಟ ಕಟ್ಟೆಯ ಮೇಲಿಟ್ಟು ಗಂಭೀರವಾಗಿ ಕೇಳಿದರು: "ಒಂದು ನಿಮಿಷ. ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಬಿಡಬೇಡಿ ಅಂತ ಹೇಳಿದ್ದೆ. ಇವತ್ತು ಮೇಲೆ ಎಷ್ಟು ಇದ್ದವು?"

ರೈಟರ್ ಮುಂದೆ ಬಂದರು. ಸೀಟಿ ಸರಿಮಾಡಿಕೊಂಡು ಅಟೆನ್ಷನ್‌ನಲ್ಲಿ ನಿಂತರು.

"ಮರಿ ಸೇರಿ ಆರು ಸಾರ್" ಎಂದರು. "ಹತ್ತು ಮೀರಾಕೆ ನಾನು ಬಿಟ್ಟಿಲ್ಲ."