ನಮ್ಮವ್ವನೂ ಓದಿದ ಇಂಗ್ಲಿಷ್ ಕ್ಲಾಸು

ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಒಂದು ಸುತ್ತು ಕಡಿಮೆ ಅಂತ ಚನ್ನಪಟ್ಟಣದಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಅವರೊಬ್ಬರೇ!

ನಂಬಿಕೆ ಬರಲಿಲ್ಲವೆ? ಕಚ್ಚೆಪಂಚೆ, ಕ್ಲೋಸ್ ಕೋಟು, ಜರಿಪೇಟ ಎಲ್ಲಾ ಇರಬೇಕಾದ ಕಡೆಯೇ ಇರುತ್ತಿದ್ದವು. ಬೂಟು ಮಾತ್ರ ಕೈಯಲ್ಲಿ! "ಈ ದಾರಿ ಧೂಳು ಬೂಟಿಗೆ ಆಗಿಬರೋಲ್ಲ ಕಣಯ್ಯ" ಅನ್ನುತ್ತಿದ್ದರು. ಕಾಲಿಗೆ ಆಗಿಬರುತ್ತದೆಯೋ ಅಂತ ಕೇಳುವ ಧೈರ್ಯ ಯಾರಿಗಿತ್ತು? ಮಹಾರಾಜರ ಸರ್ಕಾರದ ಮೇಷ್ಟ್ರು, ಹುಡುಗಾಟವೆ!

ನಾವು ಕಾಂಪೋಜಿಷನ್ ಬರೆದರೆ ಅದರಲ್ಲಿ ಹಿಮ ಬೀಳದೆ ಮುಗಿಯುತ್ತಲೇ ಇರಲಿಲ್ಲ. ಎಲ್ಲಾ ಗೈಡು ಪುಸ್ತಕದ ಪುಣ್ಯ! ಒಂದು ದಿನ ಮೇಷ್ಟ್ರು ಅಷ್ಟೂ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಕುಕ್ಕಿ, ನನ್ನ ಕಡೆ ತಿರುಗಿದರು.

"ಏನಯ್ಯ, ನಿಮ್ಮೂರು ದೊಡ್ಡಮಳೂರಲ್ಲಿ ಹಿಮ ಬಿತ್ತೇನು?"

"ಇಲ್ಲ ಸಾರ್."

"ನಾನೂ ಅಂದ್ಕೊಂಡೆ. ಏಳಿ ಎಲ್ಲಾ!"

ಕ್ಲಾಸಿಗೆ ಕ್ಲಾಸನ್ನೇ ಬೊಂಬೆ ಮಾಡುವ ಸಾಹೇಬರ ಮನೆ ಮುಂದೆ ಕೂರಿಸಿದರು. ಸಾಹೇಬರು ಗಿರಗಿರ ತಿರುಗುವ ಹಾಲೆ ಮರದ ತುಂಡಿಗೆ ಉಳಿ ಹಿಡಿದು ಬೊಂಬೆ ಕಡೆಯುತ್ತಿದ್ದರು. ಅವರ ಕೈ ಏನು ಮಾಡುತ್ತದೋ ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಆಮೇಲೆ ಕನ್ನಡದಲ್ಲಿ ಅವರಿಗೇ ಹೇಳಬೇಕು. ನಾನು ಬೀಗುತ್ತಾ ಒಪ್ಪಿಸಿದೆ. ಸಾಹೇಬರು ಗಡ್ಡ ನೀವಿಕೊಂಡರು.

"ಅಲ್ಲಾ ಕಾಪಾಡ್ದ ತಮ್ಮ! ನೀನ್ ಬರ್ದಂಗೆ ಉಳಿ ಹಿಡಿದಿದ್ರೆ ನನ್ ಹೆಬ್ಬೆಟ್ಟು ಯಾವತ್ತೋ ಹೋಗ್ತಿತ್ತು!"

ಮೇಷ್ಟ್ರು ಸೊನ್ನೆ ಹಾಕಿ, "ಸಾಹೇಬರ ಬೆರಳು ಉಳಿಯೋವರೆಗೂ ಬರಿ" ಅಂದರು. ನಾಲ್ಕನೇ ಸಲಕ್ಕೆ ಉಳಿಯಿತು. ಇವತ್ತು ನಾಲ್ಕು ಸಾಲು ನೆಟ್ಟಗೆ ಬರೆಯುತ್ತೇನೆಂದರೆ ಅದು ಆ ಸೊನ್ನೆಯ ಉಪಕಾರ.

ಇನ್ನೊಂದು ಹುಚ್ಚು ಕೇಳಿ. ಕ್ಲಾಸಿನಲ್ಲಿ ಅವರು ದೇಶದೇಶದ ಕಥೆ ಓದುತ್ತಿದ್ದರು. ಅದನ್ನು ನಾವು ಮನೆಯಲ್ಲಿ ಇಂಗ್ಲಿಷ್ ಬಾರದ ಒಬ್ಬರಿಗೆ ಹೇಳಿ, ಅವರು ಕೇಳಿದ ಪ್ರಶ್ನೆಯನ್ನು ಮಾರನೆಯ ದಿನ ತರಬೇಕು. ಕೇಳುತ್ತಾ ಅವರು ತೂಕಡಿಸಿದರೋ, ನಮಗೆ ಬೆಂಚಿನ ಮೇಲೆ ನಿಲ್ಲುವ ಯೋಗ!

ನಮ್ಮಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಹಾಗಾಗಿ ನನಗೆ ಸಿಕ್ಕವಳು ಅವ್ವ. ಒಂದು ಸಲ ಹಿಮದ ನಾಡಿನ ಸಾಹುಕಾರನೊಬ್ಬ ಹೆಂಡತಿ ಮಕ್ಕಳನ್ನು ಬಿಟ್ಟು, ಕಾಡಿಗೆ ಹೋಗಿ, ನೆಮ್ಮದಿ ಕಂಡ ಕಥೆ ಹೇಳಿದೆ. ಅವ್ವ ರಾಗಿ ಬೀಸುವುದು ನಿಲ್ಲಿಸಿದಳು.

"ಅವ್ನೇನೋ ನೆಮ್ದಿಯಾಗೋದ. ಎಮ್ಮೆಗೆ ಹುಲ್ಲು ಹಾಕೋರ್ಯಾರು?"

ಮೇಷ್ಟ್ರು ಈ ಪ್ರಶ್ನೆಯನ್ನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು, ಎರಡು ಪೀರಿಯಡ್ಡು ಅದರ ಮೇಲೇ ಬರೆಸಿದರು. ಪಕ್ಕದ ಹುಡುಗ ನನ್ನನ್ನು ತಿವಿದು, "ನಿಮ್ಮವ್ವಂಗೆ ಒಸಿ ಸುಲಭದ್ದು ಕೇಳಕ್ ಹೇಳ್ಲಾ!" ಅಂತ ಗೋಗರೆದ. ಹೆಬ್ಬೆಟ್ಟು ಒತ್ತುವ ನಮ್ಮವ್ವ ಹೈಸ್ಕೂಲಿಗೆ ಪ್ರಶ್ನೆಪತ್ರಿಕೆ ತೆಗೆದಳು!

ಹೀಗೆ ಮೂರು ವರ್ಷ. ಇನ್ನೊಂದೇ ವರ್ಷ ಓದಿದರೆ ಹೈಸ್ಕೂಲು ಮುಗಿಯುತ್ತಿತ್ತು. ಅಷ್ಟರಲ್ಲಿ ಮನೆಯ ಯಜಮಾನ ನಮ್ಮ ದೊಡ್ಡಪ್ಪ ಅಪ್ಪಣೆ ಕೊಡಿಸಿದ. "ಓದಿದ್ದು ಸಾಕು ಕಣ್ಲಾ. ನೇಗಿಲು ಹಿಡಿ." ಅವನ ಮಾತಿಗೆ ನಮ್ಮನೆಯಲ್ಲಿ ಎದುರಿರಲಿಲ್ಲ. ಅವ್ವನಂತೂ ಭಾವನ ಮುಂದೆ ನಿಂತವಳೇ ಅಲ್ಲ, ಬಾಗಿಲ ಹಿಂದೆಯೇ ಇರುವವಳು. ನಾನು ಪುಸ್ತಕ ಕಟ್ಟಿಟ್ಟು ಹೊಲಕ್ಕೆ ಹೋದೆ, ನೇಗಿಲ ಸಾಲಿನುದ್ದಕ್ಕೂ ಅತ್ತೆ.

ಮೂರನೆಯ ದಿನ ನಾನು ಹೊಲದಿಂದ ಬರುವ ಹೊತ್ತಿಗೆ ಸರಿಯಾಗಿ, ಬೂಟು ಕೈಯಲ್ಲಿ ಹಿಡಿದು ಮೇಷ್ಟ್ರು ನಮ್ಮ ಜಗಲಿಗೆ ಬಂದರು. ದೊಡ್ಡಪ್ಪ ಚಾಪೆ ಹಾಸಿದ, ಮಜ್ಜಿಗೆ ಕೊಡಿಸಿದ, ಆಮೇಲೆ ಕಡ್ಡಿ ಮುರಿದ ಹಾಗೆ ಹೇಳಿದ. "ಹೊಲ ನೋಡೋರಿಲ್ಲ ಸ್ವಾಮಿ. ಸ್ಕೂಲು ಬುಡುಸ್ಬುಟ್ಟೆ."

ಮೇಷ್ಟ್ರು ವಾದಕ್ಕಿಳಿಯಲಿಲ್ಲ. ಬಾಗಿಲ ಕಡೆ ತಿರುಗಿ, "ತಾಯಿ, ನೀವೇನಂತೀರಿ?" ಅಂದರು.

"ಹೆಂಗಸ್ರುನ್ನೇನ್ ಕೇಳೀರಿ ಸ್ವಾಮಿ!" ದೊಡ್ಡಪ್ಪ ನಕ್ಕ.

"ನನ್ನ ಕ್ಲಾಸಲ್ಲಿ ಕಥೇನ ಅವರಷ್ಟು ಚೆನ್ನಾಗಿ ಓದೋರು ಇನ್ನೊಬ್ಬರಿಲ್ಲ ಗೌಡರೇ. ಅವರನ್ನು ಕೇಳದೆ ಯಾರನ್ನ ಕೇಳಲಿ?"

ಅವ್ವ ಸೆರಗು ತಲೆ ಮೇಲೆ ಎಳೆದುಕೊಂಡು ಹೊಸ್ತಿಲ ಮೇಲೆ ಬಂದು ನಿಂತಳು.

"ಅವ್ನು ಓದ್ಲಿ ಭಾವ. ನೇಗಿಲು ನಾನ್ ಹಿಡೀತೀನಿ."

ದೊಡ್ಡಪ್ಪ ಅವ್ವನನ್ನು ನೋಡಿದ, ನನ್ನನ್ನು ನೋಡಿದ. ಕೊನೆಗೆ ಟವಲು ಕೊಡವಿ ಎದ್ದ. "ಹೆಂಗಸು ನೇಗಿಲು ಹಿಡಿದ್ರೆ ಊರೋರು ನನ್ ಮಕಕ್ಕೆ ಉಗೀತಾರೆ ಕಣಮ್ಮ. ನಾನೇ ಉತ್ಕತೀನಿ, ಬುಡು. ಓಗ್ಲಾ, ಓದೋಗು!"

ಮೇಷ್ಟ್ರು ಅವ್ವನಿಗೆ ಕೈಮುಗಿದು ಹೊರಟರು. ನಾನು ಊರಾಚೆಯವರೆಗೂ ಅವರ ಹಿಂದೆಯೇ ಹೋದೆ. ಏನಾದರೂ ಹೇಳಬೇಕು ಅನ್ನಿಸಿತು. ಮೂರು ವರ್ಷ ಕಲಿತ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ.

ವಾಪಸು ಬಂದರೆ ಅವ್ವ ಒಲೆ ಮುಂದೆ ಕೂತು ಬಿಕ್ಕಿಬಿಕ್ಕಿ ಅಳುತ್ತಿದ್ದಳು.

"ಯಾಕವ್ವ? ದೊಡ್ಡಪ್ಪ ಒಪ್ಕೊಂಡ್ನಲ್ಲ!"

"ಅದಕ್ಕಲ್ಲ ಕಣ್ಮಗ" ಅಂದಳು ಕಣ್ಣೊರೆಸಿಕೊಂಡು. "ನೀನೇನಂತೀಯ ಅಂತ ನನ್ನ ಇದುವರ್ಗೂ ಯಾರೂ ಕೇಳಿರ್ನಿಲ್ಲ."