ಗುಂಡಿಗೆ ಸಗಣಿ ಸಾರಿಸಿದ್ದು

ನನಗಾಗ ಅರವತ್ತೆರಡು. ಇದು ನಡೆದು ಹನ್ನೊಂದು ವರ್ಷವಾಯಿತು. ಅಲ್ಲಿಯವರೆಗೆ ನಮ್ಮ ಮೈದುನನಷ್ಟು ಮಣ್ಣು ತಿಂದವರನ್ನು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ನಾನು ಕಂಡಿರಲಿಲ್ಲ. ಆಮೇಲೂ ಕಂಡಿಲ್ಲ. ಬಸುರಿ ಹೆಂಗಸರನ್ನು ಬಿಟ್ಟು ಹೇಳುತ್ತಿದ್ದೇನೆ, ಅವರ ಲೆಕ್ಕ ಬೇರೆ!

ನಮ್ಮ ಯಜಮಾನರ ಕಡೆಯ ತಮ್ಮ ಅವನು. ಕಡೂರಿನಲ್ಲಿ ಒಂದು ಕೋಣೆ ಮಾಡಿಕೊಂಡು, ಮಣ್ಣಿನ ಸರ್ವೆ ಮಾಡುವ ಆಫೀಸಿನಲ್ಲಿ ಕೆಲಸಕ್ಕಿದ್ದ. ಆಫೀಸರಲ್ಲ. ಆಫೀಸರು ತೋರಿಸಿದ ಕಡೆ ಆಳುದ್ದದ ಗುಂಡಿ ತೋಡಿ, ಗೋಡೆ ಕೆರೆದು, ಟೇಪು ಹಿಡಿದು ನಿಲ್ಲುವುದು ಅವನ ಉದ್ಯೋಗ. ಹೊಸ ನೆಲ ಕಂಡರೆ ಸಾಕು, ಬಗ್ಗಿ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲೆ ಇಡುತ್ತಿದ್ದ. ಹಲ್ಲಿಗೆ ಕರಕರ ಎಂದರೆ ಮರಳು, ನುಣ್ಣಗೆ ಅಂಟಿದರೆ ಜೇಡಿ. ಮಣ್ಣಿನಲ್ಲಿ ಒಂದು ತಪ್ಪೂ ಹುಡುಕದವನು ನನ್ನ ಸಾರಿನಲ್ಲಿ ಮಾತ್ರ ಬಂದಾಗಲೆಲ್ಲ ಹುಡುಕುತ್ತಿದ್ದ. ಇಂಥ ನಾಲಿಗೆಗೆ ಯಾವ ಹೆಂಗಸು ಅಡುಗೆ ಮಾಡಿ ಹಾಕಿಯಾಳು ಹೇಳಿ?

ಹಾಕಲೂ ಇಲ್ಲ. ಯಜಮಾನರು ಇದ್ದ ಕಾಲದಲ್ಲಿ ಹೆಣ್ಣು ನೋಡಲು ಅವನನ್ನು ಲಿಂಗದಹಳ್ಳಿಗೆ ಕರೆದುಕೊಂಡು ಹೋಗಿದ್ದೆವು. ಉಪ್ಪಿಟ್ಟು ಆಯಿತು, ಕಾಫಿ ಆಯಿತು, ಹುಡುಗಿ ಬಂದು ಕೂತಳು. ನೋಡಿದರೆ ಹುಡುಗನೇ ಇಲ್ಲ! ಹಿತ್ತಲಲ್ಲಿ ಹೊಸದಾಗಿ ಬಾವಿ ತೋಡುತ್ತಿದ್ದರು, ಅದರ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಳಗೆ ಬಗ್ಗಿ ನೋಡುತ್ತಿದ್ದ. ಹುಡುಗಿಯ ಅಪ್ಪನೇ ಹೋಗಿ ಕೇಳಿದರು.

"ಏನಪ್ಪಾ, ಒಪ್ಗೆನಾ?"

"ಎರಡಡಿವರ್ಗೂ ಒಪ್ಗೆ. ಕೆಳಗೆ ಬರೀ ಕಲ್ಲು ಗರಸು!"

ಬರುವಾಗ ಬಸ್ಸಿನಲ್ಲಿ ಯಜಮಾನರು ಅವನ ಜೊತೆ ಮಾತಾಡಲಿಲ್ಲ. ಅವನಿಗೆ ಅದು ಗೊತ್ತಾಗಲೂ ಇಲ್ಲ. ಜೇಬಿನಿಂದ ಮಣ್ಣು ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದ.

ಆಫೀಸಿನವರು ಅಚ್ಚು ಹಾಕಿಸಿದ ಪುಸ್ತಕಗಳನ್ನು ನಮ್ಮ ಮನೆಗೆ ತಂದು ತೋರಿಸುತ್ತಿದ್ದ. ನನಗೆ ಓದು ಅಷ್ಟಕ್ಕಷ್ಟೆ, ಚಿತ್ರ ನೋಡುತ್ತಿದ್ದೆ. ಎಲ್ಲವೂ ಗುಂಡಿಯ ಚಿತ್ರಗಳೇ. ಪಕ್ಕದಲ್ಲಿ ಟೇಪು ಹಿಡಿದ ಒಂದು ಕೈ.

"ಇದು ನಾನು ಅತ್ಗೆ."

"ಮುಖ ಎಲ್ಲೋ?"

"ಮುಖ ತಗೊಂಡ್ ಏನ್ ಮಾಡ್ತಾರೆ ಅತ್ಗೆ? ಅಳತೆ ಕಂಡ್ರೆ ಸಾಕು."

ಮುಂಗೈವರೆಗೆ ಮಾತ್ರ ನೌಕರಿ! ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನಗಬಾರದಿತ್ತು.

ಒಂದು ದಿನ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. "ಅತ್ಗೆ, ಒಂದೇ ಮಣ್ಣಿಗೆ ರಷ್ಯಾದೋರು ಒಂದ್ ಹೆಸ್ರು ಹೇಳ್ತಾರೆ, ಅಮೆರಿಕದೋರು ಒಂದ್ ಹೇಳ್ತಾರೆ, ಫ್ರಾನ್ಸ್‌ನೋರು ಇನ್ನೊಂದು. ಒಬ್ರು ಬರ್ದಿದ್ದು ಇನ್ನೊಬ್ರಿಗೆ ತಿಳಿಯಲ್ಲ. ಅದ್ಕೇ ಎಲ್ಲಾ ಸೇರಿ ಲೋಕಕ್ಕೆಲ್ಲ ಒಂದೇ ಪಟ್ಟಿ ಮಾಡವ್ರೆ. ಈಗ ಅದನ್ನ ತಿದ್ತಾವ್ರೆ."

"ನಿಮ್ಮಣ್ಣನೂ ನಾನೂ ನಲವತ್ ವರ್ಷ ಸಂಸಾರ ಮಾಡಿ ಒಂದ್ ಹಸುವಿನ್ ಹೆಸ್ರು ಒಪ್ಕೊಳ್ಲಿಲ್ಲ. ಲೋಕ ಒಪ್ಪುತ್ತೇನೋ?"

"ಒಪ್ಪೋವರ್ಗೂ ಗುಂಡೀಲಿ ನಿಂತ್ಕೊಂಡು ಜಗಳ ಆಡ್ತಾರೆ. ದೇಶದೇಶಕ್ಕೆ ಹೋಗ್ತಾರೆ, ಗುಂಡಿಗಿಳೀತಾರೆ, ಕಣ್ಣಲ್ಲಿ ಕಂಡಿದ್ದಷ್ಟೇ ಬರ್ಕೊತಾರೆ."

ಅವನ ಕಣ್ಣು ನಮ್ಮ ಹೊಲದ ಮೇಲಿತ್ತು. ಯಜಮಾನರು ಹೋದ ಮೇಲೆ ಆ ಮೂರೆಕರೆಯಲ್ಲಿ ನಾನೇ ಈರುಳ್ಳಿ ಬೆಳೆಯುತ್ತಿದ್ದೆ. ಮೇಲೆ ಗೇಣುದ್ದ ಕೆಂಪು, ಅದರ ಕೆಳಗೆ ಕರೀ ಎರೆಮಣ್ಣು. ಬೇಸಿಗೆಯಲ್ಲಿ ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ ಬಿರಿಯುತ್ತದೆ. ಮೇಲಿನ ಕೆಂಪು ಆ ಬಿರುಕಿನೊಳಕ್ಕೆ ಉದುರುತ್ತದೆ. ಮಳೆ ಬಂದರೆ ಎರೆ ಉಬ್ಬಿ, ಬಿರುಕು ಮುಚ್ಚಿ, ಕೆಂಪು ಒಳಗೇ ಉಳಿಯುತ್ತದೆ. ಹೀಗೆ ಉಬ್ಬಿ, ಬಿರಿದು, ಒಂದಕ್ಕೊಂದು ತಿಕ್ಕಿ ತಿಕ್ಕಿ ಕೆಳಗಿನ ಎರೆಗೆ ಹೊಳಪು ಬರುತ್ತದಂತೆ. ಪಟ್ಟಿಯಲ್ಲಿ ಕೆಂಪಿನದೊಂದು ಮನೆ, ಕರಿಯದೊಂದು ಮನೆ. ಇದು ಎರಡಕ್ಕೂ ಸರಿಯಾಗಿ ಸೇರದು, ಇದಕ್ಕೆ ಬೇರೆ ಒಂದು ಸಾಲು ಬೇಕು ಎಂದು ಅವನ ವಾದ. ಆಫೀಸಿನಲ್ಲಿ ನಕ್ಕರಂತೆ. ಆದರೂ ಹೊರದೇಶದವರು ಈ ಕಡೆ ಬರುವಾಗ ನಿನ್ನ ಗುಂಡಿಗೆ ಅರ್ಧ ಗಂಟೆ ಕೊಡಿಸುತ್ತೇವೆ ಅಂದರಂತೆ. ಮೂವತ್ತು ವರ್ಷ ಟೇಪು ಹಿಡಿದವನಿಗೆ ಬಾಯಿ ಬಿಡಲು ಅರ್ಧ ಗಂಟೆ!

ಅದಕ್ಕಾಗಿ ಎರಡು ಬೇಸಿಗೆ ಹೊಲದ ಆ ಮೂಲೆಗೆ ನಾನು ನೀರು ಬಿಡುವಂತಿಲ್ಲ, ನೇಗಿಲು ಹೂಡುವಂತಿಲ್ಲ. ಗುಂಡಿಯನ್ನು ರಜೆ ಹಾಕಿ ತಾನೇ ತೋಡಿದ. ಅವರು ಬರುವ ಹಿಂದಿನ ದಿನ ಬೆಳಿಗ್ಗೆ, ಕರೆದುಕೊಂಡು ಬರಲು ಕಡೂರಿಗೆ ಹೊರಟ.

"ಅತ್ಗೆ, ಬಿರುಕೇ ನಮ್ಗೆ ಸಾಕ್ಷಿ. ಗುಂಡಿ ಹತ್ರ ಒಂದ್ ನರಪಿಳ್ಳೇನೂ ಬಿಡ್ಬೇಡಿ."

ಒಂದು ನರಪಿಳ್ಳೆಯನ್ನೂ ಬಿಡಲಿಲ್ಲ. ನಾನೇ ಹೋದೆ!

ಬಿರುಕಿನ ಮಾತನ್ನು ಅದಕ್ಕೆ ಮೊದಲೂ ಹತ್ತು ಸಲ ಹೇಳಿದ್ದ. ಆದರೆ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನೀವೇ ಹೇಳಿ, ನೆಂಟರು ಬರುತ್ತಾರೆಂದರೆ ಒಡೆದ ನೆಲ ತೋರಿಸುತ್ತೀರಾ? ಸಮುದ್ರ ದಾಟಿ ಬಂದವರು "ಈ ಮುದುಕಿ ಭೂಮಿ ಪಾಳು ಬಿಟ್ಟವಳೆ" ಎಂದುಕೊಂಡು ಹೋಗಬೇಕೆ? ಮೋಟರು ಹಾಕಿ ನೀರು ಬಿಟ್ಟೆ. ಬಿರುಕುಗಳು ಕುಡಿದೇ ಕುಡಿದವು. ಸಂಜೆಯಾದರೂ ಬಾಯಿ ಮುಚ್ಚದವಕ್ಕೆ ಗುದ್ದಲಿಯಲ್ಲಿ ಮಣ್ಣೆಳೆದು ಮೆಟ್ಟಿದೆ. ಪಕ್ಕದ ಹೊಲದವಳನ್ನು ಕರೆದುಕೊಂಡು ಗುಂಡಿಗಿಳಿದು ನಾಲ್ಕೂ ಗೋಡೆಗೆ ಸಗಣಿ ಬಳಿದು ಸಾರಿಸಿದೆ. ಕೆಮ್ಮಣ್ಣಿನ ಅಂಚು ಕಟ್ಟಿದೆ. ತಳಕ್ಕೆ ಎಂಟೆಳೆಯ ರಂಗೋಲಿ ಬಿಟ್ಟೆ.

"ಅಕ್ಕಾ, ದೇವ್ರ ಮನೆ ಹಂಗಾಯ್ತು ಕಣಕ್ಕ!" ಅಂದಳು ಪಕ್ಕದ ಹೊಲದವಳು.

ಮಾರನೆಯ ದಿನ ವ್ಯಾನು ಬಂತು. ಟೋಪಿ ಹಾಕಿದ ಹತ್ತು ಹನ್ನೆರಡು ಜನ ಇಳಿದರು. ಮುಂದೆ ಇವನು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದ. ಉದ್ದನೆಯ ಬಿಳಿಯನೊಬ್ಬ ಏನೋ ಅಂದ, ಎಲ್ಲರೂ ನಕ್ಕರು. ಇವನು ಒಳಗೆ ಹಾರಿ ಎರಡೂ ಕೈಯಲ್ಲಿ ಗೋಡೆ ಕೆರೆಯತೊಡಗಿದ. ನೆನೆದ ಎರೆ ಮೊಣಕೈವರೆಗೆ ಮೆತ್ತಿಕೊಂಡಿತು. ಬಿರುಕಿಲ್ಲ, ಹೊಳಪಿಲ್ಲ, ಬರೀ ರಾಡಿ.

"ಇಲ್ಲೇ ಇತ್ತು ಸಾರ್... ಇಲ್ಲೇ ಇತ್ತು..."

"ಮೇಲ್ ಬನ್ರೀ, ಸಾಕು. ತರೀಕೆರೇಲಿ ಊಟಕ್ಕೆ ಹೇಳಿದೆ" ಎಂದರು ಅವನ ಆಫೀಸರು.

ಬಂದವರು ರಂಗೋಲಿಯ ಫೋಟೋ ಹೊಡೆದುಕೊಂಡರು. ನನಗೆ ಕೈ ಮುಗಿದರು. ಹೋದರು.

ಮಜ್ಜಿಗೆ ಚೊಂಬು ಹಿಡಿದುಕೊಂಡು ನಿಂತಿದ್ದೆ. ಯಾರು ಮಾಡಿದ್ದು ಎಂದು ಅವನು ಕೇಳಲಿಲ್ಲ. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಸಗಣಿಯಿತ್ತು.

"ಚೆನ್ನಾಗ್ ಸಾರ್ಸಿದೀರಿ ಅತ್ಗೆ" ಅಂದ. "ಇಷ್ಟ್ ವರ್ಷದಲ್ಲಿ ನಾ ತೋಡಿದ್ ಗುಂಡಿಗೆ ಯಾರೂ ರಂಗೋಲಿ ಹಾಕಿರ್ಲಿಲ್ಲ."

ಬೈದಿದ್ದರೆ ತಿರುಗಿ ಬೈದು ಸಮ ಮಾಡಿಕೊಳ್ಳುತ್ತಿದ್ದೆ. ನನಗೆ ಬರುವ ವಿದ್ಯೆ ಅದೊಂದೇ. ಅವನು ಮಜ್ಜಿಗೆ ಕುಡಿದು, ಕೈ ತೊಳೆಯದೆ, ಮಧ್ಯಾಹ್ನದ ಬಸ್ಸಿಗೆ ಕಡೂರಿಗೆ ಹೋದ.

ಮುಂದೆ ಪಟ್ಟಿ ತಿದ್ದಿ ಪುಸ್ತಕ ಬಂತು. ಹೊಸ ಸಾಲು ಇರಲಿಲ್ಲ. ನಮ್ಮ ಹೊಲ ಕರಿಯ ಮನೆಗೇ ಸೇರಿತಂತೆ. "ಎಲ್ಲೋ ಒಂದ್ ಕಡೆ ಸೇರಿಸ್ಕೊಂಡ್ರಲ್ಲ, ಬಿಡಿ ಅತ್ಗೆ" ಅಂದ. ನಿವೃತ್ತಿಯಾಯಿತು. ಮಣ್ಣು ಬಾಯಿಗಿಡುವುದನ್ನು ಬಿಟ್ಟ. ಸಾರು ಹೇಗಿದ್ದರೂ ಸುಮ್ಮನೆ ಉಣ್ಣತೊಡಗಿದ. ಎರಡು ವರ್ಷದ ಹಿಂದೆ ತೀರಿಕೊಂಡ. ಈಗಲೂ ಮದುವೆ ಮನೆಗಳಲ್ಲಿ ಅವನ ಕಥೆ ಹೇಳಿ ನಗುತ್ತಾರೆ, ನಾನೂ ಹೇಳುತ್ತೇನೆ. ನೆಂಟರ ಮರ್ಯಾದೆಗೆ ಸಾರಿಸಿದೆ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ನಿಜ. ಎರಡು ಬೇಸಿಗೆ ನನ್ನ ಹೊಲದಲ್ಲಿ ಅವನ ಮಾತು ನಡೆಯಿತಲ್ಲ, ಒಂದು ದಿನ ನನ್ನದು ನಡೆಯಲಿ ಎನ್ನುವ ಹಟ ಇನ್ನರ್ಧ. ಅದನ್ನು ಅವನು ಇರುವಾಗ ಹೇಳಲಿಲ್ಲ.

ಆ ಜನ ಬಂದುಹೋದ ಮಾರನೆಯ ಬೆಳಿಗ್ಗೆ, ಹಸುವಿಗೆ ಹುಲ್ಲು ಹಾಕಿದವಳೇ ಹಾರೆ ಎತ್ತಿಕೊಂಡು ಗುಂಡಿಗಿಳಿದೆ. ಬಳಿದಿದ್ದ ಸಗಣಿ ಕೆರೆದೆ. ಅದರ ಹಿಂದಿನ ರಾಡಿ ಕಿತ್ತೆ. ನೀರು ತಾಗದ ಕಡೆ ಸಿಕ್ಕುವವರೆಗೆ ತೋಳುದ್ದ ಒಳಕ್ಕೆ ಅಗೆದೆ. ಒಂದು ದೊಡ್ಡ ಹೆಂಟೆ ತಾನಾಗಿ ಕಳಚಿ ಬಂತು. ಅದರ ಒಂದು ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಕರಿಯ ನಡುವೆ ಕೆಂಪಿನ ಎಳೆಯೊಂದು ಕೆಳಕ್ಕೆ ಇಳಿದಿತ್ತು. ಅಷ್ಟು ವರ್ಷ ಅದರ ಮೇಲೆ ಬೆಳೆ ತೆಗೆದವಳು ಅದರ ಒಳಗು ನೋಡಿದ್ದು ಆವತ್ತೇ.

ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕಡೂರಿನ ಬಸ್ಸು ಹತ್ತಿದೆ.

"ಏನಜ್ಜೀ ಅದು?" ಅಂದ ಕಂಡಕ್ಟರು.

"ಹೆಂಟೆ ಕಣಪ್ಪ. ಮುಟ್ಬೇಡ, ಒಡ್ದೋಗುತ್ತೆ."

ಬೀರೂರು ದಾಟುವವರೆಗೂ ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಕಡೂರಿನಲ್ಲಿ ಇಳಿದು ಅವನ ಕೋಣೆಯ ಬಾಗಿಲು ತಟ್ಟಿದೆ. ತೆರೆದ. ಅದನ್ನು ಅವನ ಕೈಗಿಟ್ಟು, "ನಾನ್ ಕಂಡೆ ಕಣೋ" ಅಂದೆ.