ಚಕ್ರವಿಲ್ಲದ ವಂಡಿಗೆ ನಾನೇ ಡ್ರೈವರ್

ಕೆಲವರ ಮರ್ಯಾದೆ ಹೋಗಬೇಕಾದರೆ ಅವರು ಏನಾದರೂ ದೊಡ್ಡ ತಪ್ಪು ಮಾಡಬೇಕು. ನನಗೆ ಅಷ್ಟು ಶ್ರಮವಿಲ್ಲ. ಸುಮ್ಮನೆ ಕೂತಿದ್ದರೂ ಅದು ತಾನಾಗಿಯೇ ಎದ್ದು ಹೋಗುತ್ತದೆ. ಇಪ್ಪತ್ತನಾಲ್ಕು ವರ್ಷದಿಂದ ತಮಿಳು ಸೀಮೆಯ ಬೋಡಿನಾಯಕನೂರಿನಿಂದ ಘಟ್ಟದ ಮೇಲಿನ ಏಲಕ್ಕಿ ತೋಟಗಳಿಗೆ ಕೂಲಿ ಹೆಂಗಸರನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದೇನೆ. ಹದಿನೇಳು ಹೇರ್‌ಪಿನ್ ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಇಷ್ಟು ವರ್ಷದಲ್ಲಿ ಜೀಪಿಗೆ ಒಂದು ಗೀರು ಬಿದ್ದಿಲ್ಲ. ಬಿದ್ದದ್ದೆಲ್ಲ ನನಗೆ, ಅದೂ ಕಳೆದ ನಾಲ್ಕು ತಿಂಗಳಲ್ಲಿ, ಅಂಗೈಯಗಲದ ಫೋನಿನಿಂದ.

1. ದಾರಿ ಬಿಟ್ಟ ದೊಡ್ಡ ಮನುಷ್ಯ

ನನ್ನ ಮಗಳು ದಿಂಡಿಗಲ್‌ನಲ್ಲಿ ಕಾಲೇಜು ಓದುತ್ತಾಳೆ. ಶನಿವಾರ ಮನೆಗೆ ಬರುತ್ತಾಳೆ. ನಾವು ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಒಂದು ಶನಿವಾರ ಡ್ರೈವಿಂಗ್ ಲೈಸೆನ್ಸ್ ತಂದು ನನ್ನ ಮುಂದೆ ಹಿಡಿದು, ಜೀಪಿನ ಬೀಗದ ಕೈ ಕೇಳಿದಳು. ಘಟ್ಟದಲ್ಲಿ ಓಡಿಸಬೇಕಂತೆ.

"ದಿಂಡಿಗಲ್ ಮೈದಾನದಾಗೆ ಕಲ್ತವರಿಗೆ ಈ ರೋಡು ಅಲ್ಲ," ಎಂದೆ.

ಅವಳು ವಾದ ಮಾಡಲಿಲ್ಲ. ನನ್ನ ಫೋನ್ ತೆಗೆದುಕೊಂಡು ಒಂದು ಆಟ ಹಾಕಿದಳು. ಮೊದಲು ಟಿವಿಗೆ ಜೋಡಿಸಿ ಆಡುತ್ತಿದ್ದ ದೊಡ್ಡ ರೇಸ್ ಆಟವಂತೆ, ಭಾಗದ ಮೇಲೆ ಭಾಗ ಬಂದು ಈಗ ಫೋನಿಗೂ ಒಂದು ಮರಿ ಹಾಕಿದೆಯಂತೆ. ಆಟ ನಡೆಯುವ ಕಾಲ ಇನ್ನೂ ನೂರಾರು ವರ್ಷ ಮುಂದಿನದು. ವಂಡಿಗಳಿಗೆ, ಅಂದರೆ ಗಾಡಿಗಳಿಗೆ, ಚಕ್ರವೇ ಇಲ್ಲ, ನೆಲದಿಂದ ಗೇಣುದ್ದ ಮೇಲೆ ಹಾರುತ್ತವೆ. ಫೋನನ್ನು ಎಡಕ್ಕೆ ವಾಲಿಸಿದರೆ ಎಡಕ್ಕೆ, ಬಲಕ್ಕೆ ವಾಲಿಸಿದರೆ ಬಲಕ್ಕೆ. ಇಬ್ಬರ ಕೈಯಲ್ಲಿ ಎರಡು ಫೋನಿದ್ದರೆ ಒಂದೇ ದಾರಿಯಲ್ಲಿ ಪಂದ್ಯ ಕಟ್ಟಬಹುದು.

ನನಗೆ ನಗು ಬಂತು. "ಇದ್ರಾಗೆ ನನ್ನ ಗೆದ್ರೆ ಬೀಗದ ಕೈ ನಿಂದೇ," ಎಂದುಬಿಟ್ಟೆ.

ಆಟದಲ್ಲಿ ಹೊರಟೆವು. ದಾರಿ ಇಳಿಜಾರಾಗಿತ್ತು. ಎದುರಿನಿಂದ ಒಂದು ವಂಡಿ ದೀಪ ಹಾಕಿಕೊಂಡು ಏರಿ ಬರುತ್ತಿತ್ತು. ಘಟ್ಟದಲ್ಲಿ ಇಳಿಯುವವನು ನಿಂತು ಏರುವವನಿಗೆ ದಾರಿ ಬಿಡಬೇಕು, ಇದು ನಮ್ಮ ಧರ್ಮ. ನಾನು ಪಕ್ಕಕ್ಕೆ ಸರಿದು ನಿಂತೆ.

ಏಕೆ ನಿಂತಿರಿ ಎಂದು ಮಗಳು ಕೇಳಿದಳು.

"ಏರಿ ಬರೋ ವಂಡಿಗೆ ದಾರಿ ಬಿಡಬೇಡ್ವಾ? ಇದನ್ನೆಲ್ಲ ನಿಂಗೆ ಯಾರೂ ಏಳ್ಕೊಟ್ಟಿಲ್ಲ."

"ಅದು ನಾನ್‌ದಾನ್‌ಪ್ಪಾ," ಎಂದಳು. ಏರಿ ಬರುತ್ತಿದ್ದ ವಂಡಿ ಅವಳದೇ; ಆಗಲೇ ಕೆಳಗಿನ ತಿರುವು ಸುತ್ತಿಕೊಂಡು ಪಕ್ಕದ ದಾರಿಯಲ್ಲಿ ವಾಪಸ್ ಬರುತ್ತಿದ್ದಳು.

2. ಏಳನೆಯ ತಿರುವು

ಅದು ಬರೀ ಟ್ರಯಲ್ ಎಂದು ಸಾಧಿಸಿದೆ. ನಿಜವಾದ ಪಂದ್ಯ ಅವಳ ಪರೀಕ್ಷೆ ಮುಗಿದ ಮೇಲೆ, ಒಂದೇ ಸಲ, ಅಲ್ಲಿ ಗೆದ್ದರೆ ಬೀಗದ ಕೈ ಎಂದು ತೀರ್ಮಾನವಾಯಿತು. ನನ್ನ ಹೆಂಡತಿ ಸಾಕ್ಷಿ. ಅವಳು ಆ ಗಳಿಗೆಯಿಂದಲೇ ಮಗಳ ಪಕ್ಷ ಸೇರಿದಳು.

ಸೋಲುವ ಭಯ ನಿಜವಾಗಿಯೂ ಹತ್ತಿತ್ತು. ಹಾಗಾಗಿ ಜೀಪ್ ಸ್ಟ್ಯಾಂಡಿನಲ್ಲಿ ಜನ ತುಂಬುವವರೆಗೆ ಸ್ಟೇರಿಂಗ್ ಮುಂದೆಯೇ ಕೂತು ಅಭ್ಯಾಸ ಶುರು ಮಾಡಿದೆ. ಫೋನನ್ನು ಮಾತ್ರ ವಾಲಿಸಿದರೆ ಸಾಕಂತೆ. ಆದರೆ ನಾನು ವಾಲಿದಾಗ ಇಡೀ ಮೈ ವಾಲುತ್ತದೆ, ಮೈ ವಾಲಿದರೆ ನನ್ನ ಹಳೆಯ ಜೀಪೂ ವಾಲುತ್ತದೆ.

ದಿನಾ ಬರುವ ಕೂಲಿ ಹೆಂಗಸರಲ್ಲಿ ಒಬ್ಬ ಮುದುಕಿಗೆ ಘಟ್ಟ ಆಗುವುದಿಲ್ಲ. ಹತ್ತಿ ಕೂತ ಕೂಡಲೇ ಕಣ್ಣು ಮುಚ್ಚಿ, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದುಕೊಳ್ಳುತ್ತಾಳೆ. ಆ ದಿನ ಇನ್ನೂ ಇಬ್ಬರು ಬರಬೇಕಿತ್ತು. ಫೋನು ಗುರ್ ಎನ್ನುತ್ತಿತ್ತು, ಜೀಪು ಅತ್ತ ಇತ್ತ ತೂಗುತ್ತಿತ್ತು.

"ತಂಬೀ, ಎಷ್ಟನೇ ತಿರುವು?" ಎಂದು ಮುದುಕಿ ಕೇಳಿದಳು.

ನಾನು ಆಟದಲ್ಲಿ ಮುಳುಗಿದ್ದೆ. "ಏಳು," ಎಂದೆ.

ಅವಳಿಗೆ ವಾಂತಿಯಾಗುವುದು ಯಾವಾಗಲೂ ಏಳನೆಯ ತಿರುವಿನಲ್ಲೇ. ತಪ್ಪದೆ ಆಯಿತು. ಆಮೇಲೆ ಬಾಯಿ ಒರೆಸಿಕೊಂಡು, ಸ್ವಲ್ಪ ಹಗುರಾಗಿ, ಕಣ್ಣು ತೆರೆದು ಹೊರಗೆ ನೋಡಿದಳು. ಎದುರಿಗೆ ಸ್ಟ್ಯಾಂಡಿನ ಟೀ ಅಂಗಡಿಯೇ ಇತ್ತು.

"ಈ ಟೀ ಕಡೆಯೋನು ಮ್ಯಾಲೂ ಒಂದ್ ಅಂಗಡಿ ಮಡಗವ್ನಾ?"

3. ಪೂಜೆ

ಅಷ್ಟು ಆಡಿದ್ದಕ್ಕೆ ಆಟದವರು ಮೆಚ್ಚಿ ನನಗೊಂದು ಹೊಸ ವಂಡಿ ಕೊಟ್ಟರು. ಖುಷಿಯಲ್ಲಿ ಅವ್ವನ ಹತ್ತಿರ ಹೋಗಿ, "ಹೊಸ ವಂಡಿ ಬಂತು," ಎಂದೆ. ಆ ಮಾತನ್ನು ಪೂಜೆಯಿಲ್ಲದೆ ಕೇಳಿಸಿಕೊಳ್ಳುವವಳಲ್ಲ ಅವಳು. ಕರ್ಪೂರ, ಗಂಧ, ಕುಂಕುಮ, ನಾಲ್ಕು ನಿಂಬೆಹಣ್ಣು ಹಿಡಿದುಕೊಂಡೇ ಹೊರಗೆ ಬಂದಳು. ಅಂಗಳ ಖಾಲಿಯಿತ್ತು. ನಾನು ಫೋನು ತೋರಿಸಿದೆ.

ಅವ್ವ ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಚಕ್ಕರ ಎಲ್ಲಿ?"

"ಇಲ್ಲ ಅವ್ವ. ಇದು ಹಾರ್ತದೆ."

"ಆರಲಿ. ನಿಂಬೆಅಣ್ಣ ಯಾವುದ್ರ ಕೆಳಗೆ ಮಡಗೋದು?"

ತಂದ ಹಣ್ಣನ್ನು ವಾಪಸ್ ಒಯ್ಯುವುದು ಅಪಶಕುನ ಎಂದು ಅವ್ವ ಒಂದನ್ನು ಹೆಚ್ಚಿ ನೆಲದ ಮೇಲಿಟ್ಟಳು. ಅದರ ಮೇಲೆ ಫೋನಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿದಳು. ತಡೆಯಬಹುದಿತ್ತು. ಆದರೆ ಪಂದ್ಯದ ಭಯದಲ್ಲಿದ್ದವನಿಗೆ ಅದೂ ಬೇಕೆನಿಸಿತು, ಕೈ ಮುಗಿದು ನಿಂತಿದ್ದೆ. ಚಾರ್ಜ್ ಹಾಕುವ ತೂತಿನೊಳಗೆ ರಸ ಇಳಿಯಿತು, ಅದರ ಹಿಂದೆಯೇ ಅವಳು ಹಚ್ಚಿದ ಕುಂಕುಮವೂ ಇಳಿಯಿತು.

ರಿಪೇರಿ ಅಂಗಡಿಯವನು ಫೋನು ಬಿಚ್ಚಿದ, ಮೂಸಿದ, ಒಳಗಿನ ಕೆಂಪು ಪುಡಿಯನ್ನು ನೋಡಿದ. ಆಮೇಲೆ ಬಹಳ ಗೌರವದಿಂದ ಕೇಳಿದ:

"ಸಾರ್, ಉಪ್ಪೂ ಹಾಕಿದ್ದೀರಾ?"

4. ಪಂದ್ಯ, ಆಮೇಲೆ ಘಟ್ಟ

ಪರೀಕ್ಷೆ ಮುಗಿಸಿ ಮಗಳು ಬಂದಳು. ರಿಪೇರಿಯಾಗಿ ಬಂದ ಫೋನು ಹಿಡಿದು ಅಂಗಳದಲ್ಲಿ ಅವಳ ಎದುರು ಕೂತೆ. ನಡುವೆ ಒಂದು ಸ್ಟೂಲು, ಅದರ ಮೇಲೆ ಜೀಪಿನ ಬೀಗದ ಕೈ. ಇಪ್ಪತ್ತನಾಲ್ಕು ವರ್ಷ ಅದು ನನ್ನ ಜೇಬು ಬಿಟ್ಟಿರಲಿಲ್ಲ, ಮತ್ತು ಹುಡುಗಿ ಆ ತಿರುವುಗಳಲ್ಲಿ ಒಬ್ಬಳೇ ಹೋಗುವುದನ್ನು ನೆನೆದರೇ ನನಗೆ ಭಯ.

ಈ ಸಲ ನಾನು ಯಾರಿಗೂ ದಾರಿ ಬಿಡಲಿಲ್ಲ. ಕೊನೆಯ ಸುತ್ತಿನಲ್ಲಿ ನಾನೇ ಮುಂದಿದ್ದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಘಟ್ಟದ ಮೊದಲ ತಿರುವಿನ ಹತ್ತಿರ ಒಂದು ಕಾವಲು ದೇವರಿದೆ, ಕುಂಕುಮ ಮೆತ್ತಿದ ಉದ್ದನೆಯ ಕಲ್ಲು. ಅದರ ಮುಂದೆ ನಿಲ್ಲಿಸಿಯೇ ಕೈ ಮುಗಿಯಬೇಕೆಂದು ಹಿರಿಯರ ಕಟ್ಟಳೆ. ನಾನು ಅನುಭವಸ್ಥ. ಓಡಿಸಿಕೊಂಡೇ ಕೈ ಬಿಟ್ಟು ಮುಗಿದು, ಕಣ್ಣಿಗೊತ್ತಿಕೊಂಡು ಮುಂದೆ ಹೋಗುತ್ತೇನೆ. ಮಗಳು ಇದನ್ನು ಚಿಕ್ಕಂದಿನಿಂದ ಪಕ್ಕದಲ್ಲಿ ಕೂತು ನೋಡಿದ್ದಾಳೆ.

ಆಟದ ಕೊನೆಯ ತಿರುವಿನಲ್ಲಿ ಒಂದು ಉದ್ದನೆಯ ಕಂಬ ಇತ್ತು, ಕೆಂಪಗೆ ಹೊಳೆಯುತ್ತಿತ್ತು.

ನನ್ನ ಎರಡು ಕೈಯೂ ತಾವಾಗಿಯೇ ಫೋನು ಬಿಟ್ಟು ಮೇಲೆದ್ದವು. ಕಣ್ಣಿಗೊತ್ತಿಕೊಂಡು ತೆರೆಯುವಷ್ಟರಲ್ಲಿ ಫೋನು ತೊಡೆಯಿಂದ ಜಾರಿ ನೆಲದ ಮೇಲಿತ್ತು, ವಂಡಿ ಕಣಿವೆಯಲ್ಲಿತ್ತು, ಬೀಗದ ಕೈ ಮಗಳ ಕೈಯಲ್ಲಿತ್ತು.

ಮರುದಿನ ಭಾನುವಾರ, ಕೂಲಿಗೆ ರಜೆ. ಖಾಲಿ ಜೀಪಿನಲ್ಲಿ ಅವಳು ಸ್ಟೇರಿಂಗ್ ಮುಂದೆ, ನಾನು ಪಕ್ಕದಲ್ಲಿ. ಸ್ಟ್ಯಾಂಡ್ ದಾಟುವಾಗ ಆ ಮುದುಕಿ ಕೈ ಅಡ್ಡ ಹಾಕಿದಳು. ಮೇಲಿನ ತೋಟದಲ್ಲಿರುವ ತಂಗಿಯ ಮನೆಗೆ ಹೊರಟಿದ್ದಳು. ಮುಂದೆ ಯಾರಿದ್ದಾರೆಂದು ನೋಡದೆ ಹಿಂದೆ ಹತ್ತಿ, ಕಣ್ಣು ಮುಚ್ಚಿ, ಚೀಲ ಹಿಡಿದು ಕೂತಳು.

ಕಾವಲು ದೇವರ ಹತ್ತಿರ ಮಗಳು ಜೀಪನ್ನು ಪೂರ್ತಿ ನಿಲ್ಲಿಸಿದಳು. ಇಂಜಿನ್ ಆರಿಸಿ, ಇಳಿದು, ಕೈ ಮುಗಿದು ಬಂದಳು. ಆಮೇಲೆ ನನ್ನ ಕಡೆ ನೋಡಿ, ಎಂದೂ ಆಡದ ಕನ್ನಡದಲ್ಲಿ ತಡವರಿಸುತ್ತ ಹೇಳಿದಳು:

"ಓಡಿಸ್ಕೊಂಡೇ ಕುಂಬಿಟ್ರೆ ಏನಾಯ್ತದೆ ಅಂತ ನಿನ್ನೆ ನೋಡಿದ್ವಲ್ಲಪ್ಪಾ."

ಆ ಒಂದು ಮಾತಿಗೆ ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಅಲ್ಲಿಂದ ಮುಂದೆ ಪ್ರತಿ ತಿರುವಿಗೂ ಹಾರ್ನ್ ಹೊಡೆದಳು, ಎಲ್ಲೂ ಅವಸರ ಮಾಡಲಿಲ್ಲ. ಹದಿನೇಳಕ್ಕೂ ನಾನೇ ಸೀಟಿನಲ್ಲಿ ಎಡಕ್ಕೆ ಬಲಕ್ಕೆ ವಾಲಿದೆ, ಇಲ್ಲದ ಬ್ರೇಕನ್ನು ತುಳಿದೆ. ಮೇಲೆ ತಲುಪಿದಾಗ ಬೆವರಿದ್ದವನು ನಾನೊಬ್ಬನೇ.

ಮುದುಕಿ ಇಳಿದು, ಖಾಲಿ ಚೀಲವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ಟೇರಿಂಗ್ ಮುಂದೆ ಯಾರೆಂದು ಆಗಲೂ ನೋಡದೆ ನೇರವಾಗಿ ನನ್ನ ಕಿಟಕಿಗೆ ಬಂದಳು.

"ತಂಬೀ, ಇಷ್ಟು ವರ್ಸದಾಗೆ ವಾಂತಿ ಇಲ್ದೆ ಬಂದದ್ದು ಇವತ್ತೇ. ಇಗೋ ಈಗ ನೀನು ಓಡ್ಸೋದು ಕಲ್ತಿದ್ದೀಯ. ಸಾಯಂಕಾಲ ಇಳಿಯೋವಾಗ್ಲೂ ನೀನೇ ಓಡ್ಸು, ಬ್ಯಾರೆ ಯಾರೂ ಬ್ಯಾಡ."

"ಆಗಲಿ," ಎಂದೆ. ಅವಳು ಅತ್ತ ಹೋದ ಮೇಲೆ ಮಗಳ ಕಡೆ ತಿರುಗಿ, ಸಾಯಂಕಾಲ ನಿನಗೆ ಬಿಡುವಿದೆಯಾ ಎಂದು ಮೆಲ್ಲಗೆ ಕೇಳಿದೆ.